ಕಿಟಕಿಯಿಲ್ಲದ ಸಾಮಾನು ಕೋಣೆಗೆ ಎಲ್‌ಇಡಿ ಬೆಳಕು: ಒಂದು ಪ್ರಕರಣ ಅಧ್ಯಯನ

ಜಾಗ ಇಷ್ಟೇ: 120 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 220 ಸೆಂ.ಮೀ. ಎತ್ತರ. ಮೊದಲು ಹಳೇ ಸಾಮಾನು ತುಂಬಿದ್ದ ಪುಟ್ಟ ಕೋಣೆ. ಕಿಟಕಿ ಇಲ್ಲ. ಮುಂದೊಂದು ಬಾಗಿಲು, ಒಳಗೊಂದು ಕಬ್ಬಿಣದ ರ್ಯಾಕ್. ರ್ಯಾಕಿನಲ್ಲಿ ಮೂರು ಖಾನೆ. ಕೆಳಗಿನದರಲ್ಲಿ ನೀರಿನ ಕ್ಯಾನು, ಗೊಬ್ಬರ. ನಡುವಿನದರಲ್ಲಿ ಲೆಟ್ಯೂಸ್ ಮತ್ತು ಬೇಸಿಲ್. ಮೇಲಿನದು ಖಾಲಿ, ಅಲ್ಲಿ ಮೆಣಸಿನ ಗಿಡ ಬೆಳೆಸುವ ಆಸೆ. ಕೋಣೆ ನನ್ನ ಗೆಳತಿಯದು. ಗಿಡಗಳ ಅವತಾರ ನೋಡಿ ಅವಳು ನನ್ನನ್ನು ಕರೆದಳು.

ನಡು ಖಾನೆಯ ಎತ್ತರ ಆಗ 45 ಸೆಂ.ಮೀ. ಅದರ ಮಧ್ಯಕ್ಕೆ ಒಂದು ಚೌಕ ಪ್ಯಾನಲ್ ನೇತುಹಾಕಿದ್ದಳು. ಪ್ಯಾನಲ್ ಸುಮಾರು 25 ಸೆಂ.ಮೀ. ಉದ್ದಗಲದ್ದು, ನೇರಳೆ ಬಣ್ಣದ ಬೆಳಕು. ಎಲೆಗಳಿಂದ ಸುಮಾರು 25 ಸೆಂ.ಮೀ. ಮೇಲಿತ್ತು. ದಿನಕ್ಕೆ 18 ಗಂಟೆ ಉರಿಯುತ್ತಿತ್ತು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1000 ಅಂತ ಬರೆದಿತ್ತು.

ಅದರ ಕೆಳಗಿನ ಟ್ರೇಯಲ್ಲಿ ಎರಡು ಬೇರೆ ಲೋಕಗಳಿದ್ದವು. ಪ್ಯಾನಲ್ಲಿನ ನೇರ ಕೆಳಗಿದ್ದ ಲೆಟ್ಯೂಸ್ ಎಲೆಗಳು ಬಿಳಿಚಿಕೊಂಡು, ಅಂಚು ಮೇಲಕ್ಕೆ ಮಡಚಿ, ಮುಟ್ಟಿದರೆ ಗಡುಸಾಗಿದ್ದವು. ಮೂಲೆಯಲ್ಲಿದ್ದವು ದಾರದಂಥ ಕಾಂಡ ಬಿಟ್ಟು, ಬೆಳಕಿನ ಕಡೆಗೆ ಬಾಗಿ, ತಮ್ಮ ಭಾರಕ್ಕೇ ಮಲಗಿದ್ದವು. ಬೀಜ ಒಂದೇ, ನೀರು ಒಂದೇ, ಗೊಬ್ಬರ ಒಂದೇ. "ದೀಪ ಜೋರಾಯ್ತಾ, ಸಾಲದಾಯ್ತಾ?" ಅಂತ ಅವಳ ಪ್ರಶ್ನೆ. ಎರಡೂ ನಿಜ. ಆದ್ದರಿಂದಲೇ ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅನ್ನಿಸಿತು. ಇಂಥ ಕಡೆ ಎಲ್ಲರೂ ವ್ಯಾಟ್ ಬಗ್ಗೆಯೇ ಮಾತಾಡುತ್ತಾರೆ. ಆದರೆ ಸಣ್ಣ ಜಾಗದಲ್ಲಿ ಯಾವ ದೀಪ ಬೇಕು ಅಂತ ಮೊದಲು ಹೇಳುವುದು ಎತ್ತರ. ವ್ಯಾಟಿನ ಲೆಕ್ಕ ಆಮೇಲೆ ಬರುತ್ತದೆ.

ಅಳತೆ ಹೇಳಿದ್ದು

ಮೊದಲ ಕೆಲಸ, ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮೀಟರ್ ಹಾಕಿದ್ದು. 1000 ಅಂತ ಬರೆದ ಪ್ಯಾನಲ್ ಎಳೆಯುತ್ತಿದ್ದದ್ದು 100 ವ್ಯಾಟ್. ಇದು ಅಪರೂಪದ ಮೋಸವೇನಲ್ಲ, ಹಳೇ ಲೆಕ್ಕಾಚಾರ. ಒಳಗೆ 100 ಎಲ್‌ಇಡಿ ಚಿಪ್ ಇದ್ದು, ಒಂದೊಂದೂ ಹೆಚ್ಚೆಂದರೆ 10 ವ್ಯಾಟ್ ತಡೆದುಕೊಳ್ಳುವಂಥದ್ದಾದರೆ, ಗುಣಿಸಿ 1000 ಅಂತ ಹೆಸರಿಡುತ್ತಾರೆ. ಆ ಚಿಪ್ಪುಗಳನ್ನು ಅಷ್ಟು ಜೋರಾಗಿ ಯಾರೂ ಓಡಿಸುವುದಿಲ್ಲ. ಹಾಗಾಗಿ ಪೆಟ್ಟಿಗೆಯ ದೊಡ್ಡ ಅಂಕಿಯನ್ನು ಬಿಟ್ಟು, ಹಿಂದೆ ಸಣ್ಣ ಅಕ್ಷರದಲ್ಲಿ ಇರುವ "ನಿಜವಾಗಿ ಎಳೆಯುವ ವ್ಯಾಟ್" ನೋಡಬೇಕು.

ಎರಡನೆಯದು, ಬೆಳಕಿನ ಅಳತೆ. ಗಿಡಕ್ಕೆ ಲೆಕ್ಕಕ್ಕೆ ಬರುವುದು 400ರಿಂದ 700 ನ್ಯಾನೋಮೀಟರ್ ನಡುವಿನ ಫೋಟಾನುಗಳು, ಅಂದರೆ ಬೆಳಕಿನ ಕಣಗಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ ಇಂಥ ಎಷ್ಟು ಮೈಕ್ರೋಮೋಲ್ ಫೋಟಾನು ಬೀಳುತ್ತವೆ ಅನ್ನುವುದೇ ಪಿಪಿಎಫ್‌ಡಿ. ಅದನ್ನು ಅಳೆಯುವುದು ಕ್ವಾಂಟಮ್ ಮೀಟರ್. ನಾವು ಒಂದನ್ನು ಎರವಲು ತಂದೆವು. ಲಕ್ಸ್ ಮೀಟರ್ ಇಲ್ಲಿ ಕೈಕೊಡುತ್ತಿತ್ತು. ಅದು ಮನುಷ್ಯರ ಕಣ್ಣಿಗಾಗಿ ಮಾಡಿದ್ದು, 555 ನ್ಯಾನೋಮೀಟರ್ ಆಸುಪಾಸಿನ ಹಸಿರಿಗೆ ಜಾಸ್ತಿ ಬೆಲೆ ಕೊಡುತ್ತದೆ. ಕೆಂಪು ನೀಲಿ ಸೇರಿದ ನೇರಳೆ ಬೆಳಕನ್ನು ಅದರ ಮುಂದೆ ಹಿಡಿದರೆ ತೀರಾ ಕಡಿಮೆ ತೋರಿಸುತ್ತದೆ.

ಎಲೆಗಳ ಮಟ್ಟದಲ್ಲಿ ಬಂದ ಅಂಕಿಗಳು ಹೀಗಿದ್ದವು. ಮಧ್ಯದಲ್ಲಿ 640. ಅಲ್ಲಿಂದ 30 ಸೆಂ.ಮೀ. ಪಕ್ಕಕ್ಕೆ 150. ಮೂಲೆಯಲ್ಲಿ 28.

ಈ ಅಂಕಿಗಳನ್ನು ದಿನದ ಲೆಕ್ಕಕ್ಕೆ ತಂದರೆ ಚಿತ್ರ ಇನ್ನೂ ಸ್ಪಷ್ಟ. ಪಿಪಿಎಫ್‌ಡಿಯನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ದಿನಕ್ಕೆ ಚದರ ಮೀಟರಿಗೆ ಎಷ್ಟು ಮೋಲ್ ಬೆಳಕು ಬಿತ್ತು ಅಂತ ಸಿಗುತ್ತದೆ. ಇದಕ್ಕೆ ಡಿಎಲ್‌ಐ ಅನ್ನುತ್ತಾರೆ. ನಡುವಿನ ಗಿಡಕ್ಕೆ 41 ಮೋಲ್ ಬೀಳುತ್ತಿತ್ತು. ಅದು ಮೋಡವಿಲ್ಲದ ಬೇಸಿಗೆಯ ದಿನ ಬಟ್ಟ ಬಯಲಿನಲ್ಲಿ ಸಿಗುವಂಥ ಬೆಳಕು. ಮೂಲೆಯ ಗಿಡಕ್ಕೆ 2 ಮೋಲ್ ಕೂಡ ಇಲ್ಲ. ಲೆಟ್ಯೂಸಿಗೆ ಬೇಕಾದದ್ದು ಸುಮಾರು 12ರಿಂದ 17. ಇಡೀ ಟ್ರೇಯಲ್ಲಿ ಆ ಅಳತೆ ಸಿಗುತ್ತಿದ್ದದ್ದು ಪ್ಯಾನಲ್ಲಿನ ಸುತ್ತ ಬಳೆಯಾಕಾರದ ಒಂದು ಕಿರಿದಾದ ಜಾಗದಲ್ಲಿ ಮಾತ್ರ.

ಯಾಕೆ ಹೀಗೆ? ಟಾರ್ಚನ್ನು ಗೋಡೆಗೆ ತೀರಾ ಹತ್ತಿರ ಹಿಡಿದ ಹಾಗೆ ಇದು. ಮಧ್ಯದಲ್ಲಿ ಕಣ್ಣು ಕುಕ್ಕುವ ಚುಕ್ಕಿ, ಸುತ್ತ ಕತ್ತಲು. ಚಿಕ್ಕ ಚೌಕದಿಂದ ಹೊರಟ ಬೆಳಕಿಗೆ ಹರಡಿಕೊಳ್ಳಲು ದೂರ ಬೇಕು. 25 ಸೆಂ.ಮೀ. ದೂರದಲ್ಲಿ 120 ಸೆಂ.ಮೀ. ಅಗಲ ತುಂಬು ಅಂದರೆ ಅದು ಹೇಗೆ ತುಂಬೀತು? ಮೂಲೆಗೆ ಹೋಗುವ ಬೆಳಕು ಹೆಚ್ಚು ದೂರ ಸಾಗಬೇಕು, ಜೊತೆಗೆ ಓರೆಯಾಗಿ ಬೀಳಬೇಕು. ಎರಡೂ ಕಡೆಯಿಂದ ನಷ್ಟ.

"ಹಾಗಾದ್ರೆ ಮೇಲಕ್ಕೆ ಏರಿಸೋಣ" ಅಂದಳು. ಖಾನೆಯಲ್ಲಿ ಜಾಗವೇ ಇಲ್ಲ. ಒಂದು ವೇಳೆ ಇದ್ದು 60 ಸೆಂ.ಮೀ.ಗೆ ಏರಿಸಿದ್ದರೂ ನಡುವಿನ ಅಂಕಿ 140ರ ಹತ್ತಿರ ಇಳಿಯುತ್ತಿತ್ತು, ಮೂಲೆಗಳು ಆಗಲೂ ಲೆಟ್ಯೂಸಿಗೆ ಸಾಲುತ್ತಿರಲಿಲ್ಲ. ಮೇಲೇರಿಸಿದಾಗ ಬೆಳಕು ಹರಡುತ್ತದೆ ನಿಜ, ಆದರೆ ದೊಡ್ಡ ಪಾಲು ಗೋಡೆಗೆ, ಬಾಗಿಲಿಗೆ ಹೋಗುತ್ತದೆ. ಇನ್ನೂ ಜೋರಿನ ಪ್ಯಾನಲ್ ತಂದರೆ? ಅದೇ ಆಕಾರ, ಅದೇ ಎತ್ತರ ಆದರೆ ಅದೇ ಚುಕ್ಕಿ. ಮಧ್ಯದ ಗಿಡ ಇನ್ನೂ ಬೇಗ ಸಾಯುತ್ತದೆ, ಅಷ್ಟೇ.

ಎಷ್ಟು ಬೆಳಕು ಬೇಕು

ಲೆಕ್ಕವನ್ನು ಗಿಡದಿಂದ ಶುರು ಮಾಡಿ ದೀಪದ ಕಡೆಗೆ ಹೋದೆವು. ಅಂಗಡಿಯಲ್ಲಿ ನಿಂತು ದೀಪದಿಂದ ಗಿಡದ ಕಡೆಗೆ ಲೆಕ್ಕ ಹಾಕುವವರೇ ಜಾಸ್ತಿ. ಅದಕ್ಕೇ ಇಂಥ ಪ್ಯಾನಲ್‌ಗಳು ಖರ್ಚಾಗುತ್ತವೆ.

ನಡು ಖಾನೆಗೆ ದಿನಕ್ಕೆ 14.4 ಮೋಲ್ ಸಾಕು ಅಂದುಕೊಂಡೆವು. ಲೆಟ್ಯೂಸಿಗೂ ಬೇಸಿಲ್ಲಿಗೂ ಹೊಂದುವ ಅಳತೆ ಅದು. ದೀಪ 16 ಗಂಟೆ ಉರಿದರೆ ಸರಾಸರಿ 250 ಪಿಪಿಎಫ್‌ಡಿ ಬೇಕು. ಖಾನೆಯ ವಿಸ್ತೀರ್ಣ 0.72 ಚದರ ಮೀಟರ್. ಅಂದರೆ ಎಲೆಗಳ ಮೇಲೆ ಸೆಕೆಂಡಿಗೆ 180 ಮೈಕ್ರೋಮೋಲ್ ಬೀಳಬೇಕು. ಗೋಡೆ, ಮುಂಭಾಗ ಅಂತ ಕಾಲು ಭಾಗ ಪೋಲಾಗುತ್ತದೆ ಅಂತ ಇಟ್ಟುಕೊಂಡರೆ ದೀಪದಿಂದ 240 ಹೊರಡಬೇಕು.

ಇಲ್ಲಿ ಬರುವುದು ದೀಪದ ದಕ್ಷತೆ. ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಕೊಡುತ್ತದೆ ಅನ್ನುವ ಅಂಕಿ. ನಾನು ದೀಪ ಆರಿಸುವಾಗ ಈ ಒಂದು ಅಂಕಿ ಕೊಡದ ಕಂಪನಿಯ ಕಡೆ ನೋಡುವುದೇ ಇಲ್ಲ. ಅಮೆರಿಕದ ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ ತನ್ನ ಗಿಡದ ದೀಪಗಳ ಪಟ್ಟಿಗೆ 2023ರಲ್ಲಿ ಇಟ್ಟ ಕನಿಷ್ಠ ಮಟ್ಟ 2.3. ಒಳ್ಳೆಯ ದೀಪಗಳು 2.5ರಿಂದ 3ರ ತನಕ ಕೊಡುತ್ತವೆ. ನಮ್ಮ ನೇರಳೆ ಪ್ಯಾನಲ್ 1.6ರ ಸುತ್ತ ಇತ್ತು ಅಂತ ಅಳತೆಗಳಿಂದ ಅಂದಾಜು ಮಾಡಿದೆವು. 2.5 ಕೊಡುವ ದೀಪವಾದರೆ 240ನ್ನು 2.5ರಿಂದ ಭಾಗಿಸಿ 96 ವ್ಯಾಟ್.

ಅಂದರೆ ಹಳೇ ಪ್ಯಾನಲ್ ಎಳೆಯುತ್ತಿದ್ದಷ್ಟೇ! ಗೆಳತಿಗೆ ಇದು ನಂಬಲಾಗಲಿಲ್ಲ. ಅವಳು 300 ವ್ಯಾಟಿನದ್ದಾದರೂ ಬೇಕಾದೀತು ಅಂದುಕೊಂಡಿದ್ದಳು.

ದಕ್ಷತೆಯ ಅಂಕಿಗೂ ಒಂದು ಮಿತಿ ಇದೆ, ಅದು ಗೊತ್ತಿದ್ದರೆ ಸುಳ್ಳು ಜಾಹೀರಾತು ಥಟ್ಟನೆ ಸಿಕ್ಕಿಬೀಳುತ್ತದೆ. ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಎಲ್‌ಇಡಿ, ಮೇಲೆ ಬೆಳಕಿನ ಬಣ್ಣ ಬದಲಿಸುವ ಫಾಸ್ಫರ್ ಪುಡಿಯ ಲೇಪ. ಒಂದು ನೀಲಿ ಫೋಟಾನಿನಿಂದ ಹೆಚ್ಚೆಂದರೆ ಒಂದು ಹಳದಿಯೋ ಕೆಂಪೋ ಫೋಟಾನು ಬರುತ್ತದೆ. ಒಂದು ಜೂಲ್ ಶಕ್ತಿಯಲ್ಲಿ 450 ನ್ಯಾನೋಮೀಟರಿನ ನೀಲಿ ಫೋಟಾನು ಇರುವುದೇ ಸುಮಾರು 3.76 ಮೈಕ್ರೋಮೋಲ್. ಆದ್ದರಿಂದ ಬರೀ ಬಿಳಿ ದೀಪಕ್ಕೆ 4 ಅಂತ ಬರೆದಿದ್ದರೆ ಪೆಟ್ಟಿಗೆ ಕೆಳಗಿಟ್ಟು ಮುಂದೆ ಹೋಗಬಹುದು. 660 ನ್ಯಾನೋಮೀಟರಿನ ಕೆಂಪಿಗೆ ಈ ಮಿತಿ 5.5. ಕೆಂಪು ಫೋಟಾನಿಗೆ ಕಡಿಮೆ ಶಕ್ತಿ ಸಾಕು. ಬಿಳಿಯ ಜೊತೆ ಒಂದಿಷ್ಟು ಕೆಂಪು ಚಿಪ್ ಸೇರಿಸುವುದಕ್ಕೆ ಇದೂ ಒಂದು ಕಾರಣ.

ಚಿಪ್ಪಿನ ಹೆಸರು ನೋಡಿ ಕೊಳ್ಳುವವರಿಗೆ ಒಂದು ಮಾತು. ಸ್ಯಾಮ್‌ಸಂಗ್ ಎಲ್‌ಎಂ301 ಚಿಪ್ ಇದೆ ಅಂದ ಮಾತ್ರಕ್ಕೆ ದೀಪ ಒಳ್ಳೆಯದಾಗುವುದಿಲ್ಲ. ಒಳ್ಳೆಯ ಚಿಪ್ಪನ್ನು ಕಡಿಮೆ ಸಂಖ್ಯೆಯಲ್ಲಿ ಹಾಕಿ, ಜೋರು ಕರೆಂಟು ಕೊಟ್ಟರೆ ದಕ್ಷತೆ ಇಳಿಯುತ್ತದೆ. ಹೆಚ್ಚು ಚಿಪ್, ಮೆಲ್ಲಗಿನ ಓಟ, ಇದು ಒಳ್ಳೆಯ ದೀಪದ ಗುರುತು.

ಆಕಾರ ಮೊದಲು, ಅದಕ್ಕಿಂತ ಮೊದಲು ರ್ಯಾಕ್

ದೀಪ ಕೊಳ್ಳುವ ಮುಂಚೆ ರ್ಯಾಕಿನ ಬೋಲ್ಟ್ ಬಿಚ್ಚಿ ನಡು ಖಾನೆಯನ್ನು 45ರಿಂದ 55 ಸೆಂ.ಮೀ.ಗೆ ಎತ್ತರಿಸಿದೆವು. ಮೇಲಿನ ಖಾನೆ 130ರಿಂದ 120ಕ್ಕೆ ಇಳಿಯಿತು. ಈ ಹತ್ತು ಸೆಂಟಿಮೀಟರೇ ಇಡೀ ಪ್ರಕರಣದ ತಿರುವು ಅಂತ ನನಗೆ ಅನ್ನಿಸುತ್ತದೆ. ಲೆಕ್ಕ ನೋಡಿ: ಟ್ರೇ 12, ದೀಪ 3, ದೀಪಕ್ಕೂ ಮೇಲಿನ ಹಲಗೆಗೂ ನಡುವೆ ಗಾಳಿಗೆ 3. ಉಳಿಯುವುದು 37. ಲೆಟ್ಯೂಸ್ 17 ಸೆಂ.ಮೀ. ಬೆಳೆದರೂ ಮೇಲೆ 20 ಸೆಂ.ಮೀ. ಇರುತ್ತದೆ. ಮೊದಲಿನ 45ರಲ್ಲಿ ಬರೀ 10 ಉಳಿಯುತ್ತಿತ್ತು.

20 ಸೆಂ.ಮೀ. ದೂರದಿಂದ ಬೆಳಕನ್ನು ಸಮವಾಗಿ ಹರಡಬೇಕು ಅಂದರೆ ದೀಪವೇ ಹರಡಿಕೊಂಡಿರಬೇಕು. ಅಂದರೆ ಪಟ್ಟಿ ದೀಪ, ಅಂಗಡಿಯವರ ಮಾತಿನಲ್ಲಿ ಬಾರ್ ಲೈಟ್. 110 ಸೆಂ.ಮೀ. ಉದ್ದದ, 24 ವ್ಯಾಟಿನ ನಾಲ್ಕು ಬಾರ್ ತಂದೆವು. ಒಟ್ಟು 96 ವ್ಯಾಟ್.

ಜೋಡಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಮೊದಲು ಅವಳು ಸಮ ಅಂತರದಲ್ಲಿ ಕಟ್ಟಿದಳು: ಹಿಂಗೋಡೆಯಿಂದ 12, 24, 36, 48 ಸೆಂ.ಮೀ.ಗೆ. ನೋಡಲು ಅಂದ. ಅಳೆದರೆ ಮಧ್ಯದಲ್ಲಿ 320, ಮೂಲೆಯಲ್ಲಿ 130. ಕಾರಣ ಸರಳ. ನಡುವಿನ ಗಿಡಕ್ಕೆ ನಾಲ್ಕೂ ಬಾರ್‌ಗಳ ಬೆಳಕು ಎರಡೂ ಕಡೆಯಿಂದ ಬರುತ್ತದೆ. ಅಂಚಿನ ಗಿಡಕ್ಕೆ ಒಂದೇ ಕಡೆಯಿಂದ. ಹಾಗಾಗಿ ದೀಪಗಳನ್ನು ಸಮ ಅಂತರದಲ್ಲಿ ಇಟ್ಟರೆ ಬೆಳಕು ಸಮವಾಗುವುದಿಲ್ಲ. ಹೊರಗಿನ ಬಾರ್‌ಗಳನ್ನು ಅಂಚಿಗೆ ತಳ್ಳಿ, ನಡುವೆ ಅಂತರ ಬಿಡಬೇಕು. 6, 21, 39, 54ಕ್ಕೆ ಬದಲಾಯಿಸಿದೆವು.

ಆಮೇಲೆ ಗೋಡೆಗಳು. ಹಿಂದೆ ಮತ್ತು ಎರಡು ಪಕ್ಕ ಹೊಳಪಿಲ್ಲದ ಬಿಳಿ ಬಣ್ಣ ಬಳಿದೆವು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಅಂಟಿಸೋಣ ಅಂತ ಅವಳಿಗೆ ಆಸೆ ಇತ್ತು. ಸುಕ್ಕಾದ ಹಾಳೆಗಿಂತ ಒಳ್ಳೆಯ ಬಿಳಿ ಬಣ್ಣವೇ ಮೇಲು. ಅದು ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಎಲ್ಲಾ ದಿಕ್ಕಿಗೂ ಮೆತ್ತಗೆ ಹಿಂದಿರುಗಿಸುತ್ತದೆ, ಒರೆಸುವುದೂ ಸುಲಭ. ಮುಂದೆ ಬಾಗಿಲ ಕಡೆ ಸೋರುತ್ತಿದ್ದ ಬೆಳಕಿಗೆ ಒಂದು ಬಿಳಿ ಫೋಮ್ ಹಲಗೆ ಅಡ್ಡ ಇಟ್ಟೆವು. ಅದರ ಮೇಲೂ ಕೆಳಗೂ ಗಾಳಿಗೆ ಸಂದು ಬಿಟ್ಟೆವು.

ಕೊನೆಗೆ ಬಂದ ಅಂಕಿ: ಮಧ್ಯ 285, ಮೂಲೆ 190, ಸರಾಸರಿ 250. ಮೊದಲು ಮಧ್ಯಕ್ಕೂ ಮೂಲೆಗೂ ಇಪ್ಪತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇತ್ತು. ಈಗ ಒಂದೂವರೆ ಪಟ್ಟು.

ಎಲೆ ಮತ್ತು ಬಾರ್ ನಡುವಿನ ದೂರ ಎಷ್ಟಿರಬೇಕು? ನಾನು ಪಾಲಿಸುವ ನಿಯಮ ಇದು. ಎರಡು ಬಾರ್‌ಗಳ ನಡುವೆ ಎಷ್ಟು ಅಂತರ ಇದೆಯೋ, ಎಲೆಗೂ ಬಾರ್‌ಗೂ ಕನಿಷ್ಠ ಅಷ್ಟು ದೂರ ಇರಲಿ. ಇಲ್ಲಿ ದೊಡ್ಡ ಅಂತರ 18, ನಮಗೆ ಸಿಕ್ಕ ದೂರ 20. ಅದಕ್ಕಿಂತ ಹತ್ತಿರ ಹೋದರೆ ಟ್ರೇಯಲ್ಲಿ ಬೆಳಕು ಕತ್ತಲಿನ ಪಟ್ಟೆ ಬೀಳುತ್ತದೆ. ದೂರವನ್ನು ಯಾವಾಗಲೂ ಎಲೆಯ ತುದಿಯಿಂದ ಅಳೆಯಬೇಕು, ಕುಂಡದಿಂದ ಅಲ್ಲ.

ದೂರ ದುಪ್ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವ ನಿಯಮ ಎಲ್ಲರ ಬಾಯಲ್ಲೂ ಇದೆ. ಅದು ಚುಕ್ಕಿಯಂಥ ದೀಪಕ್ಕೆ, ಅದೂ ಸಾಕಷ್ಟು ದೂರದಲ್ಲಿ ಮಾತ್ರ ಸರಿ. ಖಾನೆಯ ಉದ್ದಕ್ಕೂ ಹರಡಿದ ಬಾರ್, ಸುತ್ತ ಬಿಳಿ ಗೋಡೆ ಇದ್ದಾಗ ಇಳಿಕೆ ತುಂಬಾ ನಿಧಾನ. ಸಸಿ ಚಿಕ್ಕದಿದ್ದಾಗ ದೂರ 33 ಸೆಂ.ಮೀ. ಇತ್ತು. ಆಗಲೂ ಸರಾಸರಿ 220ಕ್ಕಿಂತ ಕೆಳಗೆ ಹೋಗಲಿಲ್ಲ. ಆದ್ದರಿಂದ ಬಾರ್‌ಗಳನ್ನು ಮೇಲೆ ಕೆಳಗೆ ಮಾಡುವ ಗೋಜೇ ಇಲ್ಲ, ಒಂದು ಸಲ ಕಟ್ಟಿದರೆ ಆಯಿತು.

ಕ್ವಾಂಟಮ್ ಮೀಟರ್ ಸಿಗದವರಿಗೆ ಒಂದು ದಾರಿ: ಬಿಳಿ ಎಲ್‌ಇಡಿಯಾದರೆ ಲಕ್ಸ್ ಅಂಕಿಯನ್ನು ಸುಮಾರು 70ರಿಂದ ಭಾಗಿಸಿ. 17,500 ಲಕ್ಸ್ ಅಂದರೆ ಹತ್ತಿರ ಹತ್ತಿರ 250 ಪಿಪಿಎಫ್‌ಡಿ. ಬಿಸಿಲಿಗೆ ಭಾಗಿಸಬೇಕಾದ್ದು 54ರಿಂದ. ಫೋನ್ ಆ್ಯಪ್ ಒಂದೊಂದು ಫೋನಿನಲ್ಲಿ ಒಂದೊಂದು ಅಂಕಿ ಕೊಡುತ್ತದೆ. ಆದರೂ ಮಧ್ಯ ಮತ್ತು ಮೂಲೆಯ ನಡುವಿನ ಅನುಪಾತ ನೋಡುವುದಕ್ಕೆ ಅದು ಧಾರಾಳ ಸಾಕು. ಅಂಗೈ ಹಿಡಿದು ಬಿಸಿ ನೋಡುವ ಉಪಾಯವನ್ನು ಮಾತ್ರ ಮರೆತುಬಿಡಿ. ಹಳೇ ಸೋಡಿಯಂ ದೀಪಗಳಿಗೆ ಅದು ನಡೆಯುತ್ತಿತ್ತು. ಎಲ್‌ಇಡಿ ಕೆಳಗೆ ಕಳಿಸುವ ಅವಗೆಂಪು ಕಿರಣ ಬಹಳ ಕಡಿಮೆ. ಕೈಗೆ ತಂಪಾಗಿದ್ದರೂ ಎಲೆ ಬಿಳಿಚಿಕೊಳ್ಳಬಹುದು.

ನೇರಳೆಯೋ ಬಿಳಿಯೋ

ಇದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಗಿಡ ಕೆಂಪು ಮತ್ತು ನೀಲಿ ಮಾತ್ರ ಬಳಸುತ್ತದೆ, ಹಸಿರು ದಂಡ ಅನ್ನುವ ಮಾತು ಬಂದದ್ದು ಕ್ಲೋರೋಫಿಲ್ಲನ್ನು ಎಲೆಯಿಂದ ಹೊರತೆಗೆದು, ದ್ರಾವಣದಲ್ಲಿ ಅಳೆದ ಗೆರೆಗಳಿಂದ. ಇಡೀ ಎಲೆ ಹಾಗೆ ನಡೆದುಕೊಳ್ಳುವುದಿಲ್ಲ. 1970ರ ದಶಕದ ಶುರುವಿನಲ್ಲಿ ಕೀತ್ ಮೆಕ್‌ಕ್ರೀ ಅನ್ನುವ ಸಂಶೋಧಕರು ಹಲವು ಬೆಳೆಗಳ ಎಲೆಗಳನ್ನೇ ಅಳೆದು, ಹಸಿರು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿ ನಡೆಯುತ್ತದೆ ಅಂತ ತೋರಿಸಿದರು. ಹಸಿರು ಬೆಳಕು ಎಲೆಯೊಳಗೆ ಆಳಕ್ಕೂ ಇಳಿಯುತ್ತದೆ.

ನನಗೆ ಬಿಳಿ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ, ಅದು ಗಿಡದ್ದಲ್ಲ, ಕಣ್ಣಿನದ್ದು. ನೇರಳೆ ಬೆಳಕಿನಲ್ಲಿ ಹಸಿರು ಎಲೆ ಕಪ್ಪಾಗಿ ಕಾಣುತ್ತದೆ. ಹಳದಿ ಚುಕ್ಕೆ, ಹೇನು, ಬೂದಿ ರೋಗ ಯಾವುದೂ ಗೊತ್ತಾಗುವುದಿಲ್ಲ. ಗೆಳತಿಯ ಬೇಸಿಲ್ ಎಲೆಗಳ ಅಡಿಯಲ್ಲಿ ಹೇನು ತುಂಬಿದ್ದು ಬಿಳಿ ದೀಪ ಹಾಕಿದ ದಿನವೇ ಕಂಡಿತು. ನಡು ಖಾನೆಗೆ 4000 ಕೆಲ್ವಿನ್ನಿನ (ಬೆಳಕಿನ ಛಾಯೆ ಹೇಳುವ ಅಂಕಿ) ಬಿಳಿ ಆರಿಸಿದೆವು. ಅದರಲ್ಲಿರುವ ನೀಲಿಯ ಪಾಲು ಸೊಪ್ಪನ್ನು ಗಿಡ್ಡವಾಗಿ, ದಟ್ಟವಾಗಿ ಇಡಲು ಸಾಕು.

ಮೇಲಿನ ಖಾನೆ

ಇಲ್ಲಿ ಲೆಕ್ಕ ಬೇರೆ. ಮೆಣಸಿನ ಗಿಡ ಹೂ, ಕಾಯಿ ಬಿಡಬೇಕಾದರೆ ದಿನಕ್ಕೆ 20ರಿಂದ 30 ಮೋಲ್ ಬೇಕು. ಎತ್ತರ 120 ಸೆಂ.ಮೀ. ಇದೆ. ಜಾಗ ಮಾತ್ರ ಪೂರ್ತಿ ಬೇಕಿಲ್ಲ. ಎಡಗಡೆಯ 60 ಸೆಂ.ಮೀ. ಚೌಕದಲ್ಲಿ ಎರಡು ಗಿಡ ಸಾಕು ಅಂದಳು. ಎತ್ತರ ಇದ್ದು ಅಗಲ ಕಡಿಮೆ ಅಂದರೆ ಬೋರ್ಡ್ ಆಕಾರದ ದೀಪ ಸರಿ. ನಡು ಖಾನೆಯಲ್ಲಿ ಚೌಕ ದೀಪವನ್ನು ಬೈದು, ಇಲ್ಲಿ ಅದನ್ನೇ ಹಾಕುವುದು ವಿಚಿತ್ರ ಅನ್ನಿಸಬಹುದು. ಆದರೆ ಇಲ್ಲಿ ಅದಕ್ಕೆ ಹರಡಲು ದೂರ ಇದೆ, ಅಲ್ವಾ?

150 ವ್ಯಾಟಿನ ಬೋರ್ಡ್, 3500 ಕೆಲ್ವಿನ್ ಬಿಳಿ, ಜೊತೆಗೆ 660ರ ಕೆಂಪು, ಡಿಮ್ಮರ್ ಇರುವಂಥದ್ದು. ಅದನ್ನು ಸುಮಾರು 120 ವ್ಯಾಟಿಗೆ ಇಳಿಸಿ ಓಡಿಸಿದೆವು. ಸ್ವಲ್ಪ ದೊಡ್ಡ ದೀಪ ತಂದು ಇಳಿಸಿ ಓಡಿಸಿದರೆ ಚಿಪ್ ತಂಪಾಗಿರುತ್ತದೆ, ದಕ್ಷತೆಯೂ ಏರುತ್ತದೆ. ಎಲೆಯ ತುದಿಯಿಂದ 45 ಸೆಂ.ಮೀ. ದೂರಕ್ಕೆ ಹಗ್ಗದ ರಾಟೆಯಿಂದ ನೇತುಹಾಕಿದೆವು. ಮಧ್ಯದಲ್ಲಿ 490, ಚೌಕದ ಅಂಚಿನ ನಡುವೆ 280. ಸರಾಸರಿ 380ರ ಹತ್ತಿರ, 16 ಗಂಟೆಗೆ 22 ಮೋಲ್.

ಎತ್ತರದ ಲೆಕ್ಕ ಇಲ್ಲೂ ಬಿಡುವುದಿಲ್ಲ. ಕುಂಡ 20, ದೀಪ 5, ದೂರ 45. ಗಿಡಕ್ಕೆ ಉಳಿದದ್ದು 50 ಸೆಂ.ಮೀ. ಹಾಗಾಗಿ ತಳಿ ಆರಿಸಿದ್ದೂ ರ್ಯಾಕೇ ಅನ್ನಬೇಕು. ಗಿಡ್ಡ ತಳಿ, ಚಿಕ್ಕದಿರುವಾಗಲೇ ತುದಿ ಚಿವುಟಿ ಅಗಲಕ್ಕೆ ಕವಲೊಡೆಸಿದ್ದು.

ಬಲಗಡೆಯ ಅರ್ಧಕ್ಕೆ ಬೋರ್ಡಿನಿಂದ ಹೊರಚೆಲ್ಲಿದ ಬೆಳಕು ಬೀಳುತ್ತದೆ, ಸುಮಾರು 95. ದಿನಕ್ಕೆ ಐದೂವರೆ ಮೋಲ್. ಕಾಯಿಗೆ ಏನೇನೂ ಸಾಲದು. ಆದರೆ ಬೇರು ಬಿಡಲು ಇಟ್ಟ ಕಡ್ಡಿಗಳಿಗೆ ಅದೇ ಹಿತ, ಜಾಸ್ತಿ ಬೆಳಕು ಕೊಟ್ಟರೆ ಬೇರಿಲ್ಲದ ಕಡ್ಡಿ ಬಾಡುತ್ತದೆ. ಇನ್ನೊಂದು ಲಾಭವೂ ಸಿಕ್ಕಿತು. ಕೆಳಗಿನ ಬಾರ್‌ಗಳ ಬಿಸಿ ಹಲಗೆಯನ್ನು ಉಗುರುಬೆಚ್ಚಗೆ ಇಡುತ್ತದೆ. ಬೇರೊಡೆಯುವ ಕಡ್ಡಿಗೆ ಅಡಿಯಿಂದ ಬರುವ ಆ ಬೆಚ್ಚಗಿನ ಶಾಖ ತುಂಬಾ ಅನುಕೂಲ.

ಬಿಸಿ, ತಂತಿ, ಟೈಮರ್

ಎಲ್‌ಇಡಿ ತಂಪು ದೀಪ ಅನ್ನುವುದು ಅರ್ಧ ಸತ್ಯ. 96 ಮತ್ತು 120 ಸೇರಿ 216 ವ್ಯಾಟ್. ಬೆಳಕಾಗಿ ಹೊರಟದ್ದೂ ಎಲೆ, ಗೋಡೆ ತಾಗಿ ಬಹುಪಾಲು ಶಾಖವೇ ಆಗುತ್ತದೆ. ಬಾಗಿಲು ಮುಚ್ಚಿದಾಗ ಒಳಗಿನ ಉಷ್ಣತೆ ಹೊರಗಿಗಿಂತ 6 ಡಿಗ್ರಿ ಏರಿತು. ಬಾಗಿಲು ಸ್ವಲ್ಪ ತೆರೆದಿಟ್ಟು, ಚಿಕ್ಕ ಫ್ಯಾನ್ ಹಾಕಿದಾಗ ಏರಿಕೆ 2 ಡಿಗ್ರಿಗೆ ಇಳಿಯಿತು. ದೀಪ ಉರಿಯುವ ಹೊತ್ತನ್ನು ಸಂಜೆಯಿಂದ ಶುರು ಮಾಡಿ ರಾತ್ರಿಯ ತಂಪನ್ನು ಬಳಸಿಕೊಂಡೆವು. ಗಿಡಕ್ಕೆ ಗಡಿಯಾರ ಗೊತ್ತಿಲ್ಲ, ದಿನಾ ಒಂದೇ ಹೊತ್ತಿಗೆ ಎಂಟು ಗಂಟೆ ಕತ್ತಲು ಸಿಕ್ಕಿದರೆ ಸಾಕು. 24 ಗಂಟೆಯೂ ಉರಿಸುವುದು ಬೇಡ. ಟೊಮೆಟೊ ಥರದ ಗಿಡಗಳ ಎಲೆ ನಿರಂತರ ಬೆಳಕಿಗೆ ಹಳದಿಯಾಗುತ್ತದೆ.

ದೀಪಗಳಿಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್‌ ಪೆಟ್ಟಿಗೆಗಳನ್ನು ರ್ಯಾಕಿನಿಂದ ಹೊರಗೆ, ಗೋಡೆಯ ಮೇಲ್ಭಾಗಕ್ಕೆ ಕೂರಿಸಿದೆವು. ಶಾಖವೂ ಹೊರಗೆ, ನೀರಿನಿಂದಲೂ ದೂರ. ಪ್ಲಗ್ಗಿಗೆ ಬರುವ ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದೆವು, ವೈರ್ ಹಿಡಿದು ಹರಿದ ನೀರು ಕೆಳಗೇ ತೊಟ್ಟಿಕ್ಕಲಿ ಅಂತ. ಕಬ್ಬಿಣದ ರ್ಯಾಕ್, ನೀರು, ಕರೆಂಟು ಮೂರೂ ಒಟ್ಟಿಗೆ ಇರುವ ಕಡೆ ಅರ್ಥಿಂಗ್ ಮತ್ತು ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇಲ್ಲದೆ ದೀಪ ಹಾಕಲೇಬಾರದು. ಎರಡು ಡ್ರೈವರ್‌ಗಳನ್ನು ಬೇರೆ ಬೇರೆ ಟೈಮರಿಗೆ ಹಾಕಿ, ಕೆಲವು ನಿಮಿಷದ ಅಂತರ ಇಟ್ಟೆವು. ಶುರುವಾಗುವ ಕ್ಷಣ ಡ್ರೈವರ್ ಎಳೆಯುವ ಕರೆಂಟು ಜೋರಿರುತ್ತದೆ, ಹಗುರ ಟೈಮರಿನ ಒಳಗಿನ ಸಂಪರ್ಕ ಅಂಟಿಕೊಂಡು ದೀಪ ಆರದೇ ಉಳಿಯಬಹುದು. ದಿನಕ್ಕೆ ಒಟ್ಟು ಸುಮಾರು ಮೂರೂವರೆ ಯೂನಿಟ್ ಖರ್ಚು.

ಆಮೇಲೆ ಕಂಡದ್ದು

ಉದ್ದಕ್ಕೆ ಬೆಳೆದು ಮಲಗಿದ್ದ ಸಸಿಗಳು ಹೊಸ ದೀಪಕ್ಕೂ ಚೇತರಿಸಲಿಲ್ಲ. ಒಮ್ಮೆ ಎಳೆದುಕೊಂಡ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಕಿತ್ತು ಹೊಸದಾಗಿ ಬಿತ್ತಿದಳು.

ಹೊಸ ಲೆಟ್ಯೂಸ್ ಚೆನ್ನಾಗಿ ತುಂಬಿಕೊಂಡಿತು. ಆದರೆ ನಡುವಿನ ಸಾಲಿನ ಗಿಡಗಳ ಒಳ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗತೊಡಗಿತು. "ಮತ್ತೆ ಬೆಳಕು ಸುಡ್ತಿದೆ" ಅಂದಳು. ಸುಟ್ಟದ್ದಲ್ಲ. ಸುಟ್ಟರೆ ದೀಪಕ್ಕೆ ಹತ್ತಿರ ಇರುವ ಹೊರ ಎಲೆ ಮೊದಲು ಬಿಳಿಚಬೇಕು. ಇದು ಒಳಗಿನ ಎಳೆ ಎಲೆಗೆ ಕ್ಯಾಲ್ಸಿಯಂ ತಲುಪದ ತೊಂದರೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಹರಿಯುತ್ತದೆ, ನೀರು ಹರಿಯುವುದು ಎಲೆ ತೇವ ಬಿಟ್ಟಾಗ. ಮುಚ್ಚಿಕೊಂಡ ಒಳ ಎಲೆಯ ಸುತ್ತ ಗಾಳಿ ಅಲುಗದಿದ್ದರೆ ಅದು ತೇವ ಬಿಡುವುದಿಲ್ಲ. ಮೇಲೆ ಬೆಳಕು ಜಾಸ್ತಿಯಾಗಿ ಬೆಳವಣಿಗೆ ಓಡಿದರೆ ಕೊರತೆ ಎದ್ದು ಕಾಣುತ್ತದೆ. ನಡುವಿನ ಸಾಲಿಗೆ ಬೀಳುತ್ತಿದ್ದದ್ದು 16.4 ಮೋಲ್. ಕಾರ್ನೆಲ್ ವಿಶ್ವವಿದ್ಯಾಲಯದ ಲೆಟ್ಯೂಸ್ ಕೈಪಿಡಿಯ ಗುರಿ 17, ಆದರೆ ಅದು ಮೇಲಿನಿಂದ ಫ್ಯಾನ್ ಗಾಳಿ ಬೀಸುವ ಹಸಿರುಮನೆಗೆ. ನಮ್ಮ ಫ್ಯಾನ್ ಬಾಗಿಲ ಬಳಿ ಇತ್ತು, ಖಾನೆಯೊಳಗೆ ಗಾಳಿಯೇ ಇರಲಿಲ್ಲ.

ಎರಡು ಬದಲಾವಣೆ ಮಾಡಿದೆವು. ಖಾನೆಯ ಒಂದು ತುದಿಗೆ ಪುಟ್ಟ ಫ್ಯಾನ್ ಇಟ್ಟು, ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಬಿಟ್ಟೆವು. ಲೆಟ್ಯೂಸನ್ನು ಅಂಚಿಗೆ ಸರಿಸಿ, ಬೇಸಿಲ್ಲನ್ನು ನಡುವಿಗೆ ತಂದೆವು. ಅಂಚಿನಲ್ಲಿ ಸಿಗುವುದು 11ರಿಂದ 13 ಮೋಲ್. ಲೆಟ್ಯೂಸ್ ಅಲ್ಲಿ ಸ್ವಲ್ಪ ನಿಧಾನ ಬೆಳೆದರೂ ಮೆದುವಾಗಿ ಬರುತ್ತದೆ. ಬೇಸಿಲ್ ನಡುವಿನ ಬೆಳಕನ್ನು ಖುಷಿಯಿಂದ ಕುಡಿಯುತ್ತದೆ. ಸಮವಾಗದೆ ಉಳಿದ ಬೆಳಕಿನ ಜೊತೆ ಗುದ್ದಾಡುವುದಕ್ಕಿಂತ ಗಿಡಗಳ ಜಾಗ ಬದಲಿಸುವುದು ಎಷ್ಟೋ ಸುಲಭ. ಮುಂದಿನ ಬೆಳೆಯ ಒಳ ಎಲೆಗಳು ಚೊಕ್ಕವಾಗಿ ಬಂದವು.

ಮೆಣಸಿನ ಗಿಡ ಹೂ ಬಿಟ್ಟಿತು. ದುಂಬಿ, ಗಾಳಿ ಎರಡೂ ಇಲ್ಲದ ಕಡೆ ಆದ್ದರಿಂದ ದಿನಾ ಕೊಂಬೆ ಅಲುಗಿಸಬೇಕು. ಅಷ್ಟು ಮಾಡಿದ ಮೇಲೆ ಕಾಯಿ ನಿಂತಿತು. ಒಮ್ಮೆ ತುದಿ ಎಲೆಗಳು ಮೇಲಕ್ಕೆ ಮಡಚತೊಡಗಿದವು. ನೋಡಿದರೆ ಗಿಡ ಬೆಳೆದು ದೀಪ 30 ಸೆಂ.ಮೀ. ಹತ್ತಿರಕ್ಕೆ ಬಂದಿತ್ತು. ಹಗ್ಗ ಎಳೆದು ಮೇಲಕ್ಕೇರಿಸಿದಾಗ ಹೊಸ ಎಲೆಗಳು ನೇರವಾದವು.

ಹಳೇ ನೇರಳೆ ಪ್ಯಾನಲ್ಲನ್ನು ಬಲಗಡೆಯ ಅರ್ಧಕ್ಕೆ ಹಾಕಿ ಅಲ್ಲೂ ಎರಡು ಮೆಣಸಿನ ಗಿಡ ಇಡೋಣ ಅಂತ ಈಗ ಅವಳ ಯೋಚನೆ. ನನಗೆ ಒಪ್ಪಿಗೆ ಇಲ್ಲ. 100 ವ್ಯಾಟ್ ಶಾಖ ಒಳಗೆ ಬರುತ್ತದೆ, ಬೆಳಕು ಸಿಗುವುದು 160 ಮೈಕ್ರೋಮೋಲ್. ಅದೇ 100 ವ್ಯಾಟನ್ನು ಇನ್ನೊಂದು ಒಳ್ಳೆಯ ಬೋರ್ಡಿಗೆ ಕೊಟ್ಟರೆ 260 ಸಿಗುತ್ತದೆ. ಯಾವುದೇ ಹಾಕಿದರೂ ಒಟ್ಟು 316 ವ್ಯಾಟ್ ಆಗುತ್ತದೆ. ತೆರೆದ ಬಾಗಿಲು ಮತ್ತು ಚಿಕ್ಕ ಫ್ಯಾನಿಗೆ ಅಷ್ಟು ಶಾಖ ತಡೆಯುವುದಿಲ್ಲ. 32 ಡಿಗ್ರಿ ದಾಟಿದರೆ ಮೆಣಸಿನ ಹೂ ಉದುರುತ್ತದೆ. ಮೊದಲು ಚಾವಣಿಯ ಹತ್ತಿರ ಬಿಸಿ ಗಾಳಿ ಹೊರಗೆಳೆಯುವ ಫ್ಯಾನ್ ಕೂರಿಸಲಿ, ಅದಾದ ಮೇಲೆ ಮೂರನೇ ದೀಪದ ಮಾತು ಅಂತ ಹೇಳಿದ್ದೇನೆ. ಗೋಡೆಗೆ ತೂತು ಕೊರೆಯುವುದೋ, ಬಾಗಿಲ ಮೇಲ್ಭಾಗ ಕತ್ತರಿಸುವುದೋ ಅಂತ ಅವಳು ಅಳತೆ ತೆಗೆಯುತ್ತಿದ್ದಾಳೆ.